ಸಿಡಿ ಸಾಕಾ, ಹೈ-ರೆಸ್ ಡಿಸ್ಕ್ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಣಿಪಾಲ, ಮಂಗಳೂರು ಕಡೆಯ ಗೆಳೆಯರು ಮನೆಯಲ್ಲಿ ಒಂದು ಒಳ್ಳೆಯ ಆಡಿಯೋ ಸೆಟ್ ಮಾಡಿಕೊಳ್ಳುವಾಗ ನನ್ನನ್ನು ಕೇಳುವ ಪ್ರಶ್ನೆಗಳು ಇವು. ಎಲ್ಲವೂ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಮಾಮೂಲಿ ಸಿಡಿ ಇರುವಾಗ ಅದಕ್ಕಿಂತ ಜಾಸ್ತಿ ದುಡ್ಡು ಕೊಟ್ಟು ಹೈ-ರೆಸ್ (ಹೈ ರೆಸಲ್ಯೂಷನ್, ಅಂದರೆ ಸಿಡಿಗಿಂತ ಹೆಚ್ಚು ವಿವರವಾಗಿ ಧ್ವನಿ ತುಂಬಿಸಿದ) ಡಿಸ್ಕ್ ತಗೊಳ್ಳಬೇಕಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಡಬ್ಬಿಯ ಮೇಲಿನ ಅಂಕಿ ನೋಡಿ ಕೊಳ್ಳಬೇಡಿ. ಮೂಲ ರೆಕಾರ್ಡಿಂಗ್ ಯಾವುದು, ಅದಕ್ಕೆ ಮಾಸ್ಟರಿಂಗ್ (ಡಿಸ್ಕಿಗೆ ಹಾಕುವ ಮೊದಲು ಧ್ವನಿಯನ್ನು ಕೊನೆಯದಾಗಿ ಹದ ಮಾಡುವ ಕೆಲಸ) ಹೇಗೆ ಮಾಡಿದ್ದಾರೆ ಅಂತ ವಿಚಾರಿಸಿ ಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಹೈ-ರೆಸ್ ಡಿಸ್ಕ್ ಅಂದರೆ ಯಾವ ಯಾವುದು?

ಮುಖ್ಯವಾಗಿ ಮೂರು. ಸೋನಿ ಮತ್ತು ಫಿಲಿಪ್ಸ್ 1999ರಲ್ಲಿ ತಂದ ಸೂಪರ್ ಆಡಿಯೋ ಸಿಡಿ, ಅಂದರೆ ಎಸ್‌ಎಸಿಡಿ. ಅದರ ಬೆನ್ನಿಗೇ 2000ದಲ್ಲಿ ಬಂದ ಡಿವಿಡಿ-ಆಡಿಯೋ. ಆಮೇಲೆ ಬಂದ ಬ್ಲೂ-ರೇ ಆಡಿಯೋ. ಇವುಗಳಲ್ಲಿ ಡಿವಿಡಿ-ಆಡಿಯೋ ಬೇಗ ಮೂಲೆ ಸೇರಿತು. ಎಸ್‌ಎಸಿಡಿ ಮತ್ತು ಬ್ಲೂ-ರೇ ಆಡಿಯೋ ಈಗಲೂ ಬರುತ್ತಿವೆ, ಹೆಚ್ಚಾಗಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್ ಮತ್ತು ಹಳೆಯ ರಾಕ್ ಆಲ್ಬಂಗಳು. ನಮ್ಮ ಸಂಗೀತ ಅದರಲ್ಲಿ ಸಿಗುವುದು ತೀರಾ ಅಪರೂಪ. ಆ ಮಾತಿಗೆ ಮುಂದೆ ಬರುತ್ತೇನೆ.

ಅಂಕಿಗಳಲ್ಲಿ ವ್ಯತ್ಯಾಸ ಎಷ್ಟು?

ಸಿಡಿ ಒಂದು ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ ತೆಗೆಯುತ್ತದೆ. ಪ್ರತಿ ಅಳತೆಗೂ 16 ಬಿಟ್. ಎರಡು ಚಾನೆಲ್ ಸೇರಿದರೆ ಸೆಕೆಂಡಿಗೆ 14 ಲಕ್ಷ ಬಿಟ್‌ಗಿಂತ ಸ್ವಲ್ಪ ಜಾಸ್ತಿ. ಡಿವಿಡಿ-ಆಡಿಯೋ ಮತ್ತು ಬ್ಲೂ-ರೇಯಲ್ಲಿ 24 ಬಿಟ್, 192 ಕಿಲೋಹರ್ಟ್ಸ್ ತನಕ ಹೋಗಬಹುದು. ಅಲ್ಲಿ ಅದೇ ಲೆಕ್ಕ ಸೆಕೆಂಡಿಗೆ 92 ಲಕ್ಷ ದಾಟುತ್ತದೆ. ಎಸ್‌ಎಸಿಡಿಯ ದಾರಿಯೇ ಬೇರೆ. ಅದು ಒಂದೇ ಒಂದು ಬಿಟ್ ಬಳಸುತ್ತದೆ, ಆದರೆ ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಸಲ. ಇದಕ್ಕೆ ಡಿಎಸ್‌ಡಿ ಅನ್ನುತ್ತಾರೆ.

ಅಂಕಿ ನೋಡಿದರೆ ಸಿಡಿ ಪಾಪ ಅನಿಸುತ್ತದೆ, ಅಲ್ವಾ? ಕಿವಿಗೆ ಬೇಕಾದದ್ದು ಎಷ್ಟು ಅಂತ ಕೇಳಿದಾಗ ಚಿತ್ರ ಬದಲಾಗುತ್ತದೆ.

ಸಿಡಿಯಲ್ಲಿ ಧ್ವನಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಹೈ-ರೆಸ್‌ನಲ್ಲಿ ನುಣುಪಾಗಿರುತ್ತದೆ ಅಂತಾರಲ್ಲ?

ಜಾಹೀರಾತಿನಲ್ಲಿ ಆ ಮೆಟ್ಟಿಲಿನ ಚಿತ್ರ ನೋಡಿ ನೋಡಿ ಜನ ಅದನ್ನೇ ನಂಬಿದ್ದಾರೆ. ಅದು ತಪ್ಪು. ಒಂದು ಧ್ವನಿಯಲ್ಲಿ ಇರುವ ಅತಿ ಹೆಚ್ಚಿನ ಕಂಪನಕ್ಕಿಂತ ಎರಡು ಪಟ್ಟು ಹೆಚ್ಚು ಸಲ ಅಳತೆ ತೆಗೆದರೆ, ಆ ಧ್ವನಿಯ ಅಲೆಯನ್ನು ಮತ್ತೆ ಪೂರ್ತಿಯಾಗಿ ಕಟ್ಟಬಹುದು. ನೈಕ್ವಿಸ್ಟ್ ಮತ್ತು ಶಾನನ್ ಹೆಸರಿನ ಗಣಿತದ ನಿಯಮ ಇದು. ಪ್ಲೇಯರಿನ ಒಳಗಿನ ಡಿಎಸಿ (ಅಂಕಿಗಳನ್ನು ಮತ್ತೆ ಧ್ವನಿಯ ಅಲೆಯಾಗಿ ಬದಲಿಸುವ ಚಿಪ್) ಮತ್ತು ಫಿಲ್ಟರ್ ಸೇರಿ ಹೊರಗೆ ಬಿಡುವುದು ನುಣುಪಾದ ಅಲೆಯನ್ನೇ. ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇಟ್ಟು ನೋಡಿದರೆ ಮೆಟ್ಟಿಲು ಕಾಣುವುದಿಲ್ಲ.

ಸಿಡಿಯ ಮಿತಿ ಸುಮಾರು 22 ಕಿಲೋಹರ್ಟ್ಸ್. ಆರೋಗ್ಯವಂತ ಎಳೆ ಕಿವಿಗೆ ಕೇಳುವುದು 20 ಕಿಲೋಹರ್ಟ್ಸ್ ತನಕ. ವಯಸ್ಸಾದಂತೆ ಅದು ಇಳಿಯುತ್ತಾ ಬರುತ್ತದೆ. 40 ದಾಟಿದವರಲ್ಲಿ ಹೆಚ್ಚಿನವರಿಗೆ 15-16ರ ಮೇಲೆ ಕೇಳುವುದಿಲ್ಲ. ನಮ್ಮ ಕದ್ರಿ ಗೋಪಾಲನಾಥರ ಆಲ್ಟೋ ಸ್ಯಾಕ್ಸೋಫೋನನ್ನೇ ತಗೊಳ್ಳಿ. ಆ ವಾದ್ಯದ ಮೂಲ ಸ್ವರಗಳು ಸಾಮಾನ್ಯವಾಗಿ ಸುಮಾರು 140ರಿಂದ 900 ಹರ್ಟ್ಸ್ ಒಳಗೇ ಇವೆ. ಅದರ ಮೇಲೆ ಹತ್ತಿಪ್ಪತ್ತು ಪಟ್ಟಿನ ತನಕ ಹರಡುವ ಉಪಸ್ವರಗಳಿಂದ ಸ್ಯಾಕ್ಸೋಫೋನಿಗೆ ಅದರ ಬಣ್ಣ ಬರುತ್ತದೆ. ಅದೆಲ್ಲ ಸಿಡಿಯಲ್ಲಿ ಆರಾಮವಾಗಿ ಹಿಡಿಸುತ್ತದೆ.

24 ಬಿಟ್ ಅಂದರೆ ಜಾಸ್ತಿ ಸ್ಪಷ್ಟ ಅಂತ ಅರ್ಥವಾ?

ಬಿಟ್ ಜಾಸ್ತಿ ಆದರೆ ಹಿನ್ನೆಲೆಯ ಗುಸುಗುಸು ಇನ್ನಷ್ಟು ಕೆಳಗೆ ಹೋಗುತ್ತದೆ, ಅಷ್ಟೇ. 16 ಬಿಟ್‌ನಲ್ಲಿ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ಸುಮಾರು 96 ಡೆಸಿಬಲ್ ಅಂತರ ಸಿಗುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಫ್ಯಾನ್ ನಿಲ್ಲಿಸಿದ ಕೋಣೆಯಲ್ಲೂ 30 ಡೆಸಿಬಲ್ ಆಸುಪಾಸು ಸದ್ದು ಇದ್ದೇ ಇರುತ್ತದೆ. ಅದರ ಮೇಲೆ 96 ಕೂಡಿಸಿ. 126 ಆಯಿತು. ಅಷ್ಟು ಜೋರಿಗೆ ಕಿವಿ ನೋಯಲು ಶುರುವಾಗುತ್ತದೆ. ಅಂದರೆ ಸಿಡಿಯ ಪೂರ್ತಿ ಅಂತರವನ್ನೇ ಮನೆಯಲ್ಲಿ ಬಳಸಲು ಆಗುವುದಿಲ್ಲ.

ಇನ್ನು ನಮ್ಮೂರಿನ ಮಾತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರು. ಜೂನ್, ಜುಲೈಯಲ್ಲಿ ಹೆಂಚಿನ ಮೇಲೆ, ಅಂಗಳದ ಶೀಟಿನ ಮೇಲೆ ಮಳೆ ಸುರಿಯುವಾಗ ತಂಬೂರಿಯ ಶ್ರುತಿಯೇ ಕೇಳುವುದಿಲ್ಲ. ಅಲ್ಲಿ 16 ಬಿಟ್‌ಗೂ 24 ಬಿಟ್‌ಗೂ ವ್ಯತ್ಯಾಸ ಹುಡುಕುವುದು ಸುಮ್ನೆ ಶ್ರಮ. 24 ಬಿಟ್ ನಿಜವಾಗಿ ಬೇಕಾದದ್ದು ರೆಕಾರ್ಡ್ ಮಾಡುವವರಿಗೆ. ಗಾಯಕ ಇದ್ದಕ್ಕಿದ್ದ ಹಾಗೆ ದನಿ ಏರಿಸಿದರೆ ಸದ್ದು ಒಡೆಯದ ಹಾಗೆ ಲೆವೆಲ್ ಕಡಿಮೆ ಇಟ್ಟುಕೊಳ್ಳಬಹುದು. ಆಮೇಲೆ ಹತ್ತಾರು ಟ್ರ್ಯಾಕ್ ಕೂಡಿಸಿ ತಿದ್ದುವಾಗ ಗುಸುಗುಸು ಬೆಳೆಯುವುದಿಲ್ಲ.

ಯಾರಾದರೂ ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದಾರಾ?

ಮಾಡಿದ್ದಾರೆ. 2007ರಲ್ಲಿ ಮೇಯರ್ ಮತ್ತು ಮೋರನ್ ಎಂಬವರ ಪರೀಕ್ಷೆ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅವರು ಎಸ್‌ಎಸಿಡಿ ಮತ್ತು ಡಿವಿಡಿ-ಆಡಿಯೋ ಡಿಸ್ಕ್‌ಗಳನ್ನು ಒಂದು ಸಲ ನೇರವಾಗಿ ಕೇಳಿಸಿದರು. ಇನ್ನೊಂದು ಸಲ ಅದೇ ಧ್ವನಿಯನ್ನು ನಡುವೆ ಸಿಡಿ ಮಟ್ಟಕ್ಕೆ ಇಳಿಸಿ ಕೇಳಿಸಿದರು. ಯಾವುದು ಯಾವುದು ಅಂತ ಕೇಳುಗರಿಗೆ ಹೇಳಲಿಲ್ಲ. 554 ಸಲ ಕೇಳಿಸಿದ್ದರಲ್ಲಿ ಸರಿ ಉತ್ತರ ಬಂದದ್ದು ಶೇ. 49.8. ನಾಣ್ಯ ಹಾರಿಸಿದರೂ ಅಷ್ಟೇ ಬರುತ್ತದೆ.

ಇನ್ನೊಂದು ಕಡೆಯ ಮಾತೂ ಹೇಳಬೇಕು. 2016ರಲ್ಲಿ ಜೋಶುವಾ ರೀಸ್ ಎಂಬ ಸಂಶೋಧಕರು ಇಂಥ 18 ಪರೀಕ್ಷೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. 12,500ಕ್ಕೂ ಹೆಚ್ಚು ಪ್ರಯತ್ನಗಳಲ್ಲಿ ಶೇ. 52.3 ಸರಿ ಉತ್ತರ. ಅಂಕಿಅಂಶದ ಲೆಕ್ಕದಲ್ಲಿ ಅದು ಬರೀ ಅದೃಷ್ಟ ಅಲ್ಲ. ಮೊದಲೇ ತರಬೇತಿ ಕೊಟ್ಟ ಕೇಳುಗರಲ್ಲಿ ಅದು ಶೇ. 60ರ ಹತ್ತಿರ ಹೋಯಿತು. ಹಾಗಾಗಿ ವ್ಯತ್ಯಾಸ ಸೊನ್ನೆ ಅಂತ ನಾನು ಹೇಳುವುದಿಲ್ಲ. ಇದ್ದರೂ ಅದು ಕೂದಲೆಳೆಯಷ್ಟು. ತರಬೇತಿ ಪಡೆದವರೇ ಹತ್ತರಲ್ಲಿ ನಾಲ್ಕು ಸಲ ತಪ್ಪುತ್ತಾರೆ ಅಂದರೆ ಮನೆಯಲ್ಲಿ ಸಂಜೆ ಕಾಫಿ ಕುಡಿಯುತ್ತಾ ಕೇಳುವವರಿಗೆ ಅದರಿಂದ ಏನು ಸಿಗುತ್ತದೆ?

ಆದರೆ ನಾನು ಗೆಳೆಯನ ಮನೆಯಲ್ಲಿ ಕೇಳಿದ ಎಸ್‌ಎಸಿಡಿ ನಿಜಕ್ಕೂ ಚೆನ್ನಾಗಿತ್ತು. ಅದು ಭ್ರಮೆಯಾ?

ಖಂಡಿತ ಅಲ್ಲ. ನಿಮ್ಮ ಕಿವಿಯ ಮೇಲೆ ನಂಬಿಕೆ ಇಡಿ. ಚೆನ್ನಾಗಿ ಕೇಳಿಸಲು ಕಾರಣ ಬೇರೆ ಇರಬಹುದು, ಅದೇ ಮಾಸ್ಟರಿಂಗ್. ಈ ಇಡೀ ವಿಷಯದ ಹೂರಣ ಇಲ್ಲಿದೆ.

1990ರ ದಶಕದ ನಡುಭಾಗದಿಂದ ಸಿಡಿ ಮಾಡುವವರಲ್ಲಿ ಒಂದು ಪೈಪೋಟಿ ಶುರುವಾಯಿತು. ನಮ್ಮ ಹಾಡು ಪಕ್ಕದವರ ಹಾಡಿಗಿಂತ ಜೋರಾಗಿ ಕೇಳಬೇಕು ಅಂತ. ಡಿಜಿಟಲ್‌ನಲ್ಲಿ ಒಂದು ಮಿತಿಗಿಂತ ಮೇಲೆ ಹೋಗಲು ಆಗುವುದಿಲ್ಲ. ಹಾಗಾಗಿ ಮೆಲ್ಲನೆಯ ಭಾಗಗಳನ್ನು ಎತ್ತಿ, ಜೋರಿನ ತುದಿಗಳನ್ನು ಲಿಮಿಟರ್ ಹಾಕಿ ಕತ್ತರಿಸಿದರು. ಇದಕ್ಕೆ ಲೌಡ್‌ನೆಸ್ ವಾರ್ ಅಂತ ಹೆಸರು. ಇದರಲ್ಲಿ ಏನು ಹೋಗುತ್ತದೆ ಅಂತ ತಿಳಿಯಬೇಕಾದರೆ ಚೆಂಡೆಯ ಹತ್ತಿರ ನಿಂತು ನೋಡಬೇಕು. ಕೋಲು ಚರ್ಮಕ್ಕೆ ತಾಗುವ ಕ್ಷಣದಲ್ಲಿ ಒಂದು ಚೂಪಾದ ಪೆಟ್ಟು ಇದೆ. ಅದು ಕೆಲವೇ ಮಿಲಿಸೆಕೆಂಡ್. ಆಮೇಲೆ ಬರುವುದು ಮರದ ಒಡಲಿನ ಗುಂಗು. ಲಿಮಿಟರ್ ತೆಗೆಯುವುದು ಆ ಮೊದಲ ಪೆಟ್ಟನ್ನೇ. ಗುಂಗು ಮಾತ್ರ ಉಳಿದು ಚೆಂಡೆ ಮಂಕಾಗುತ್ತದೆ, ಭಾಗವತರ ದನಿಗೆ ಅಂಟಿಕೊಳ್ಳುತ್ತದೆ. ಅರ್ಧ ಗಂಟೆ ಕೇಳಿದರೆ ತಲೆ ಭಾರ.

ಎಸ್‌ಎಸಿಡಿ ಕೊಳ್ಳುವವರು ಗಮನ ಕೊಟ್ಟು ಕೇಳುವವರು ಅಂತ ಕಂಪನಿಗಳಿಗೆ ಗೊತ್ತು. ಅದಕ್ಕೆ ಹಲವು ಕಡೆ ಮೂಲ ಟೇಪ್ ಹುಡುಕಿ ತೆಗೆದು, ತಾಳ್ಮೆಯಿಂದ, ಕತ್ತರಿ ಹಾಕದೆ ಮಾಸ್ಟರ್ ಮಾಡಿರುತ್ತಾರೆ. ನಿಮಗೆ ಚೆನ್ನಾಗಿ ಕೇಳಿಸಿದ್ದು ಆ ಕೆಲಸ. ಮೇಯರ್ ಮತ್ತು ಮೋರನ್ ಕೂಡ ಇದನ್ನೇ ಬರೆದರು: ಹೈ-ರೆಸ್ ಡಿಸ್ಕ್‌ಗಳಲ್ಲಿ ಹಲವು ಮಾಮೂಲಿ ಸಿಡಿಗಿಂತ ಚೆನ್ನಾಗಿದ್ದವು, ಆದರೆ ಅವನ್ನು ಸಿಡಿ ಮಟ್ಟಕ್ಕೆ ಇಳಿಸಿದರೂ ಅಷ್ಟೇ ಚೆನ್ನಾಗಿ ಕೇಳಿಸಿದವು. ಆ ಮಾಸ್ಟರನ್ನೇ ಸಿಡಿಗೆ ಹಾಕಿ ಕೊಡಬಹುದಿತ್ತು. ಕೊಡಲಿಲ್ಲ. ಕೇಳುಗರಿಗೆ ಇದು ದೊಡ್ಡ ಅನ್ಯಾಯ ಅಂತ ನನಗೆ ಈಗಲೂ ಅನಿಸುತ್ತದೆ.

ಇದರಿಂದ ಕಲಿಯಬೇಕಾದದ್ದು ಇಷ್ಟೇ. ನಿಮಗಿಷ್ಟದ ಆಲ್ಬಂ ಒಳ್ಳೆಯ ಮಾಸ್ಟರಿಂಗ್‌ನಲ್ಲಿ ಎಸ್‌ಎಸಿಡಿಯಲ್ಲಿ ಮಾತ್ರ ಸಿಗುವುದಾದರೆ ಧೈರ್ಯವಾಗಿ ತಗೊಳ್ಳಿ, ದುಡ್ಡಿಗೆ ಮೋಸ ಇಲ್ಲ. ಎರಡೂ ಒಂದೇ ಮಾಸ್ಟರ್ ಆದರೆ ಸಿಡಿ ಸಾಕು.

ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ?

ಹೈಬ್ರಿಡ್ ಎಸ್‌ಎಸಿಡಿಯ (ಸಿಡಿ ಪದರ, ಹೈ-ರೆಸ್ ಪದರ ಎರಡೂ ಇರುವ ಡಿಸ್ಕಿನ) ಎರಡು ಪದರಗಳನ್ನು ಬದಲಿಸಿ ಕೇಳುವುದು ಸುಲಭ ಅನಿಸುತ್ತದೆ, ಆದರೆ ಅದು ನಂಬಿಕಸ್ಥ ಅಲ್ಲ. ಎರಡರ ಮಾಸ್ಟರ್ ಬೇರೆ ಇರಬಹುದು. ಲೆವೆಲ್ ಕೂಡ ಬೇರೆ ಇರುತ್ತದೆ. ಅರ್ಧ ಡೆಸಿಬಲ್ ಜೋರು ಇದ್ದರೂ ನಮ್ಮ ಮನಸ್ಸು ಅದನ್ನೇ ಚೆನ್ನಾಗಿದೆ ಅನ್ನುತ್ತದೆ.

ಸರಿಯಾದ ದಾರಿ ಹೀಗೆ. 24 ಬಿಟ್, 96 ಕಿಲೋಹರ್ಟ್ಸ್‌ನ ಒಂದು ಫೈಲ್ ಕೊಂಡುಕೊಳ್ಳಿ. ಅದನ್ನೇ ಸಾಕ್ಸ್‌ನಂಥ ಒಳ್ಳೆಯ ಸಾಫ್ಟ್‌ವೇರಿನಲ್ಲಿ ಡಿದರ್ (ಬಿಟ್ ಇಳಿಸುವಾಗ ಧ್ವನಿ ಕೆಡದಿರಲು ಬೆರೆಸುವ ಅತಿ ಮೆಲ್ಲನೆಯ ಗುಸುಗುಸು) ಸೇರಿಸಿ 16 ಬಿಟ್, 44.1ಕ್ಕೆ ಇಳಿಸಿ. ಫೂಬಾರ್2000 ಎಂಬ ಉಚಿತ ಪ್ಲೇಯರಿಗೆ ಎಬಿಎಕ್ಸ್ ಅಂತ ಒಂದು ಹೆಚ್ಚುವರಿ ಭಾಗ ಸಿಗುತ್ತದೆ. ಅದು ಎರಡನ್ನೂ ಹೆಸರು ಮುಚ್ಚಿ ಕೇಳಿಸುತ್ತದೆ. 16 ಸಲ ಮಾಡಿ. 12 ಅಥವಾ ಅದಕ್ಕಿಂತ ಜಾಸ್ತಿ ಸರಿ ಬಂದರೆ ಅದು ಬರೀ ಊಹೆಯಾಗಿರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಹಾಗೆ ಬಂದರೆ ನಿಮ್ಮ ಕಿವಿಗೆ ನಮಸ್ಕಾರ, ಹೈ-ರೆಸ್ ಡಿಸ್ಕ್ ಧಾರಾಳವಾಗಿ ಕೊಳ್ಳಿ. ಫ್ಯಾನ್ ಮಾತ್ರ ನಿಲ್ಲಿಸಿಕೊಂಡು ಕೇಳಿ ಮಾರಾಯ್ರೇ.

ಹಳೆಯ ಯಕ್ಷಗಾನ, ಹಳೆಯ ಕಚೇರಿಗಳು ಹೈ-ರೆಸ್‌ನಲ್ಲಿ ಬಂದರೆ ಚೆನ್ನಾಗಿರುತ್ತದಾ?

ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ಯಕ್ಷಗಾನದ ಭಾಗವತರಾದ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡರು. ಅವರ ದನಿ ಮನೆ ಮನೆಗೆ ತಲುಪಿದ್ದು ಕ್ಯಾಸೆಟ್ ಮೂಲಕ. ಮಾಮೂಲಿ ಕ್ಯಾಸೆಟ್ಟಿನಲ್ಲಿ ಮೆಲ್ಲನೆಗೂ ಜೋರಿಗೂ ಅಂತರ 50ರಿಂದ 60 ಡೆಸಿಬಲ್. ಮೇಲಿನ ತುದಿ 15 ಕಿಲೋಹರ್ಟ್ಸ್ ಮುಟ್ಟಿದರೆ ದೊಡ್ಡದು. ಬಯಲಾಟದ ಮೈಕಿನಿಂದ ಹಿಡಿದದ್ದಾದರೆ ಇನ್ನೂ ಕಡಿಮೆ. ಅದನ್ನು 24 ಬಿಟ್, 192ಕ್ಕೆ ಹಾಕಿದರೆ ಟೇಪಿನ ಹಿಸ್ ಸದ್ದು ಬಹಳ ನಿಖರವಾಗಿ ಸಿಗುತ್ತದೆ, ಅಷ್ಟೇ. ಬಾವಿಯಲ್ಲಿ ಇಲ್ಲದ್ದು ಕೊಡಕ್ಕೆ ಬರುವುದಿಲ್ಲ. 1980ರ ದಶಕದಲ್ಲಿ 16 ಬಿಟ್ ಡಿಜಿಟಲ್ ಯಂತ್ರದಲ್ಲಿ ರೆಕಾರ್ಡ್ ಆದ ಆಲ್ಬಂಗಳನ್ನು ಆಮೇಲೆ ಎಸ್‌ಎಸಿಡಿಯಾಗಿ ಮಾರಿದ್ದಕ್ಕೂ ಇದೇ ಮಾತು ಸಲ್ಲುತ್ತದೆ.

ಆದರೆ ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಕ್ಯಾಸೆಟ್ ಇದ್ದರೆ ಅದನ್ನು ಕಂಪ್ಯೂಟರಿಗೆ ಇಳಿಸುವಾಗ ಮಾತ್ರ 24 ಬಿಟ್ ಇಟ್ಟುಕೊಳ್ಳಿ. ಹಿಸ್ ತೆಗೆಯಲು, ಲೆವೆಲ್ ಸರಿಮಾಡಲು ಜಾಗ ಸಿಗುತ್ತದೆ. ಡೆಕ್ಕಿನ ಹೆಡ್ ಒರೆಸಿ. ಹೆಡ್ಡಿನ ವಾರೆಯನ್ನು, ಅಂದರೆ ಅಜಿಮತ್ತನ್ನು, ಆ ಟೇಪಿಗೆ ಸರಿಯಾಗಿ ಹೊಂದಿಸಿ. ಚಿಕ್ಕ ಸ್ಕ್ರೂ ಒಂದನ್ನು ಕಾಲು ಸುತ್ತು ತಿರುಗಿಸುವಷ್ಟರಲ್ಲಿ ಜಾಗಟೆಯ ಸದ್ದು ಮುಸುಕಿನಿಂದ ಹೊರಗೆ ಬರುವುದನ್ನು ಕಿವಿಯಾರೆ ಕೇಳಬಹುದು. ಯಾವ ಹೈ-ರೆಸ್ ಡಿಸ್ಕೂ ಕೊಡದಷ್ಟು ಲಾಭ ಅಲ್ಲಿದೆ. ಮತ್ತು ಇದನ್ನು ಈ ಮಳೆಗಾಲಕ್ಕೆ ಮೊದಲೇ ಮಾಡಿ. ಟೇಪ್ ಕಾಯುವುದಿಲ್ಲ.

5.1 ಸರೌಂಡ್?

ಹೈ-ರೆಸ್ ಡಿಸ್ಕ್ ಕೊಳ್ಳಲು ನನ್ನ ಪ್ರಕಾರ ಇದು ಬಲವಾದ ಕಾರಣ. ಸಿಡಿಯಲ್ಲಿ ಎರಡೇ ಚಾನೆಲ್. ಈ ಮೂರೂ ಡಿಸ್ಕ್‌ಗಳಲ್ಲಿ 5.1, ಅಂದರೆ ಐದು ಸ್ಪೀಕರಿಗೂ ಒಂದು ಸಬ್‌ವೂಫರಿಗೂ ಬೇರೆ ಬೇರೆ ಚಾನೆಲ್, ಇರಬಹುದು. ಒಳ್ಳೆಯ ಆರ್ಕೆಸ್ಟ್ರಾ ರೆಕಾರ್ಡಿಂಗ್‌ನಲ್ಲಿ ಹಿಂದಿನ ಸ್ಪೀಕರಿನಿಂದ ಸಭಾಂಗಣದ ಗುಂಗು ಮಾತ್ರ ಬರುತ್ತದೆ. ಕೋಣೆಯ ಗೋಡೆ ದೂರ ಸರಿದ ಹಾಗೆ ಅನಿಸುತ್ತದೆ. ಇದಕ್ಕೆ ಎಬಿಎಕ್ಸ್ ಬೇಡ, ಯಾರಿಗೂ ಗೊತ್ತಾಗುತ್ತದೆ. ನಿಮ್ಮಲ್ಲಿ ಸಿನಿಮಾ ನೋಡಲು ಐದು ಸ್ಪೀಕರ್ ಈಗಾಗಲೇ ಇದ್ದರೆ ಒಂದು ಡಿಸ್ಕ್ ತಂದು ನೋಡಿ.

ನನ್ನ ಹಳೆಯ ಪ್ಲೇಯರಿನಲ್ಲಿ ಇವು ಓಡುತ್ತವಾ?

ಹೈಬ್ರಿಡ್ ಎಸ್‌ಎಸಿಡಿ ಆದರೆ ಓಡುತ್ತದೆ, ಆದರೆ ನೀವು ಕೇಳುವುದು ಅದರ ಸಿಡಿ ಪದರವನ್ನು. ಡಿಸ್ಕಿನ ದಪ್ಪ 1.2 ಮಿಲಿಮೀಟರ್. ಸಿಡಿ ಪದರ ಪೂರ್ತಿ ಹಿಂದೆ ಇದೆ, ಹೈ-ರೆಸ್ ಪದರ ಅರ್ಧ ದಾರಿಯಲ್ಲಿ, 0.6 ಮಿಲಿಮೀಟರಿನಲ್ಲಿ. ಸಿಡಿ ಪ್ಲೇಯರಿನ 780 ನ್ಯಾನೋಮೀಟರ್ ಲೇಸರ್ ನಡುವಿನ ಪದರವನ್ನು ದಾಟಿ ಹೋಗುತ್ತದೆ. ಹೈಬ್ರಿಡ್ ಅಲ್ಲದ ಎಸ್‌ಎಸಿಡಿ ಸಿಡಿ ಪ್ಲೇಯರಿನಲ್ಲಿ ಓಡುವುದೇ ಇಲ್ಲ. ಕೊಳ್ಳುವ ಮೊದಲು ನೋಡಿಕೊಳ್ಳಿ.

ಎಸ್‌ಎಸಿಡಿ ಪದರ ಕೇಳಲು ಅದಕ್ಕೇ ಮಾಡಿದ ಪ್ಲೇಯರ್ ಬೇಕು. ಸೋನಿಯ ಯುಬಿಪಿ-ಎಕ್ಸ್800ನಂಥ ಕೆಲವು ಬ್ಲೂ-ರೇ ಪ್ಲೇಯರ್‌ಗಳು ಓದುತ್ತವೆ. ಧ್ವನಿಯನ್ನು ಎಚ್‌ಡಿಎಂಐಯಿಂದ ರಿಸೀವರಿಗೆ ಕೊಡಬೇಕು, ಅಥವಾ ಅನಲಾಗ್ ಔಟ್ ಇದ್ದರೆ ಅದರಿಂದ. ಕಾಪಿ ತಡೆಯುವ ಸಲುವಾಗಿ ಆಪ್ಟಿಕಲ್ ಕೇಬಲ್ಲಿನಲ್ಲಿ ಪೂರ್ತಿ ಗುಣಮಟ್ಟ ಹೊರಗೆ ಬಿಡುವುದಿಲ್ಲ.

ಎಸ್‌ಎಚ್‌ಎಂ-ಸಿಡಿ, ಯುಎಚ್‌ಕ್ಯೂಸಿಡಿ ಅಂತ ಜಪಾನಿನಿಂದ ಬರುತ್ತವಲ್ಲ?

ಅವು ಸಿಡಿಗಳೇ. ಪ್ಲಾಸ್ಟಿಕ್ ಬೇರೆ, ಒಳಗಿನ 16 ಬಿಟ್ ಅದೇ. ಮಾಸ್ಟರಿಂಗ್ ಚೆನ್ನಾಗಿದ್ದರೆ ಕೊಳ್ಳಿ, ಪ್ಲಾಸ್ಟಿಕ್ಕಿಗೆ ದುಡ್ಡು ಕೊಡಬೇಡಿ.

ಎಂಕ್ಯೂಎ-ಸಿಡಿ?

ಬೇಡ. ಹೈ-ರೆಸ್ ಅನ್ನು ಮಡಚಿ ಸಿಡಿಯಲ್ಲಿ ಕೂರಿಸುತ್ತೇವೆ ಅಂದರು, ಮಡಚುವಾಗ ಮಾಹಿತಿ ಹೋಗುತ್ತದೆ. ಆ ಕಂಪನಿ 2023ರಲ್ಲಿ ದಿವಾಳಿ ಅಂಚಿಗೆ ಬಂದು ಬೇರೆಯವರ ಕೈ ಸೇರಿತು.

ನಮ್ಮ ಕರಾವಳಿಯ ಹವೆಯಲ್ಲಿ ಯಾವ ಡಿಸ್ಕ್ ಬಾಳುತ್ತದೆ?

ಎಲ್ಲವಕ್ಕೂ ಇಲ್ಲಿ ಕಷ್ಟವೇ. ತೇವ, ಉಪ್ಪು ಗಾಳಿ, ಬೂಷ್ಟು. ಸಿಡಿಯಲ್ಲಿ ಅಲ್ಯೂಮಿನಿಯಂ ಪದರ ಇರುವುದು ಹೆಸರು ಅಚ್ಚಾದ ಬದಿಯಲ್ಲಿ, ತೆಳುವಾದ ವಾರ್ನಿಷ್ ಕೆಳಗೆ. ಹಾಗಾಗಿ ಆ ಬದಿಯ ಗೀರು ಜಾಸ್ತಿ ಅಪಾಯ. ಹೊಳೆಯುವ ಬದಿಯ ಸಣ್ಣ ಗೀರಿಗೆ ತಲೆಕೆಡಿಸಿಕೊಳ್ಳಬೇಡಿ. ಟ್ರ್ಯಾಕಿನ ಉದ್ದಕ್ಕೆ ಸುಮಾರು 2.5 ಮಿಲಿಮೀಟರಿನಷ್ಟು ಮಾಹಿತಿ ಹೋದರೂ ಸಿಡಿ ಅದನ್ನು ತಾನೇ ಪೂರ್ತಿ ಸರಿಮಾಡಿಕೊಳ್ಳುತ್ತದೆ. ಡಿವಿಡಿ-ಆಡಿಯೋ ಡಿಸ್ಕಿನಲ್ಲಿ ಮಾಹಿತಿ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುವುದರಿಂದ ಲೇಬಲ್ ಬದಿಗೆ ರಕ್ಷಣೆ ಜಾಸ್ತಿ. ಬ್ಲೂ-ರೇಯಲ್ಲಿ ಉಲ್ಟಾ. ಮಾಹಿತಿ ಹೊಳೆಯುವ ಬದಿಗೆ 0.1 ಮಿಲಿಮೀಟರ್ ಹತ್ತಿರದಲ್ಲಿದೆ, ಮೇಲೊಂದು ಗಟ್ಟಿ ಲೇಪ ಇದೆ.

ಡಿಸ್ಕ್‌ಗಳನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಮುಚ್ಚಿದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ತಿಂಗಳಿಗೊಮ್ಮೆ ಅದನ್ನು ಬಿಸಿ ಮಾಡಿ ಒಣಗಿಸಿ. ನುಸಿಗುಳಿಗೆ ಬೇಡ, ಅದರ ಆವಿ ಡಬ್ಬಿಯ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ. ಬೂಷ್ಟು ಬಂದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಮಳೆಗಾಲದಲ್ಲಿ ಪ್ಲೇಯರನ್ನು ದಿನಾ ಸ್ವಲ್ಪ ಹೊತ್ತು ಓಡಿಸಿ. ಒಳಗೆ ಬಿಸಿ ಇದ್ದರೆ ಲೆನ್ಸಿನ ಮೇಲೆ ತೇವ ಕೂರುವುದಿಲ್ಲ.

ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಬಹುದಾ?

ಸಿಡಿಯಾದರೆ ಆರಾಮವಾಗಿ. ಎಕ್ಸಾಕ್ಟ್ ಆಡಿಯೋ ಕಾಪಿಯಂಥ ಸಾಫ್ಟ್‌ವೇರ್ ಬಳಸಿ ಫ್ಲಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿಡುವ) ಫೈಲ್ ಮಾಡಿ. ಒಂದು ಟೆರಾಬೈಟ್ ಡಿಸ್ಕಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಿಡಿ ಹಿಡಿಸುತ್ತವೆ. ಎಸ್‌ಎಸಿಡಿ ಪದರವನ್ನು ಕಂಪ್ಯೂಟರಿನ ಡ್ರೈವ್ ಓದುವುದೇ ಇಲ್ಲ. ನಮ್ಮ ಹವೆಯಲ್ಲಿ ಇದು ಸಿಡಿಯ ಪರವಾದ ದೊಡ್ಡ ವಾದ. ಬೂಷ್ಟು ತಿಂದರೂ ಹಾಡು ಉಳಿಯುತ್ತದೆ.

ಹಾಗಾದರೆ ದುಡ್ಡು ಎಲ್ಲಿ ಹಾಕಲಿ?

ಮೊದಲು ಸ್ಪೀಕರ್, ಜೊತೆಗೆ ಕೋಣೆ. ನಮ್ಮ ಮನೆಗಳಲ್ಲಿ ಮುರಕಲ್ಲಿನ ಗೋಡೆ, ಟೈಲ್ಸ್ ನೆಲ, ದೊಡ್ಡ ಕಿಟಕಿ. ಸದ್ದು ತಾಗಿದಲ್ಲೆಲ್ಲ ತಿರುಗಿ ಬರುತ್ತದೆ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ, ಬಾಲದಲ್ಲಿ ಜ್ಝಂ ಅಂತ ಒಂದು ಸದ್ದು ಉಳಿದರೆ ಅದೇ ನಿಮ್ಮ ಸಂಗೀತವನ್ನು ಕೆಡಿಸುತ್ತಿದೆ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು. ಸ್ಪೀಕರನ್ನು ಮೂಲೆಯಿಂದ ಎರಡಡಿ ಈಚೆಗೆ ಎಳೆಯಿರಿ. ಇದಕ್ಕೆ ಆಗುವ ಖರ್ಚಿನಲ್ಲಿ ನಾಲ್ಕೈದು ಎಸ್‌ಎಸಿಡಿ ಬರಬಹುದು, ಆದರೆ ನಿಮ್ಮಲ್ಲಿರುವ ಎಲ್ಲ ಸಿಡಿಗಳೂ ಒಟ್ಟಿಗೆ ಚೆನ್ನಾಗುತ್ತವೆ.

ಎರಡನೆಯದು ಅರ್ತಿಂಗ್. ಬೇಸಿಗೆಯಲ್ಲಿ ಮುರಕಲ್ಲು ನೆಲ ಪೂರ್ತಿ ಒಣಗಿ ಅರ್ತಿಂಗ್ ಕೈಕೊಡುತ್ತದೆ, ಸ್ಪೀಕರಿನಲ್ಲಿ ಗುಂಯ್ ಅನ್ನುವ 50 ಹರ್ಟ್ಸ್ ಸದ್ದು ಬರಬಹುದು. ಒಳ್ಳೆಯ ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ. ಹಾಡಿಗೂ ಒಳ್ಳೆಯದು, ಜೀವಕ್ಕೂ ಒಳ್ಳೆಯದು.

ಈಗಿರುವ ಸಿಡಿಗಳನ್ನು ಮಾರಿ ಎಸ್‌ಎಸಿಡಿ ತಗೊಳ್ಳಲಾ?

ದಯವಿಟ್ಟು ಮಾಡಬೇಡಿ. ಅದರಲ್ಲೂ 1980ರ ದಶಕದ ಮತ್ತು 90ರ ಮೊದಲ ವರ್ಷಗಳ ಸಿಡಿಗಳಿದ್ದರೆ ಮುಟ್ಟಲೇಬೇಡಿ. ಲೌಡ್‌ನೆಸ್ ಪೈಪೋಟಿ ಶುರುವಾಗುವ ಮೊದಲಿನ ಮಾಸ್ಟರಿಂಗ್ ಅವುಗಳಲ್ಲಿದೆ. ಎಷ್ಟೋ ಆಲ್ಬಂಗಳಿಗೆ ಇವತ್ತಿನ ರೀಮಾಸ್ಟರ್‌ಗಿಂತ ಆ ಹಳೆಯ ಸಿಡಿಯೇ ಕೇಳಲು ಹಿತ. ರಿಪ್ ಮಾಡುವಾಗ, ಅಂದರೆ ಕಂಪ್ಯೂಟರಿಗೆ ಇಳಿಸುವಾಗ, ಒಂದು ಎಚ್ಚರ: ಆ ಕಾಲದ ಕೆಲವು ಸಿಡಿಗಳಲ್ಲಿ ಪ್ರೀ-ಎಂಫಸಿಸ್ ಅಂತ ಮೇಲಿನ ಸ್ವರಗಳನ್ನು ಬೇಕೆಂದೇ ಎತ್ತಿ ಅಚ್ಚು ಹಾಕಿರುತ್ತಾರೆ. ಪ್ಲೇಯರ್ ಅದನ್ನು ತಾನೇ ಇಳಿಸಿಕೊಳ್ಳುತ್ತದೆ, ಕಂಪ್ಯೂಟರ್ ಇಳಿಸಲಿಕ್ಕಿಲ್ಲ. ಫೈಲ್ ಕೇಳುವಾಗ ಸದ್ದು ಚುಚ್ಚುತ್ತಿದ್ದರೆ ಸಾಕ್ಸ್‌ನಲ್ಲಿ ಡೀ-ಎಂಫಸಿಸ್ ಹಾಕಿ, ಸರಿಹೋಗುತ್ತದೆ.